ಸಿನಿಮಾಕ್ಕೆ ಹೋಗಿ ಬಂದ ಮೇಲೆ

(ಸ್ವಸಹಾಯ ಸಂಘಗಳ ಸದಸ್ಯೆಯರ ತಾಲ್ಲೂಕು ಮಟ್ಟದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಸಭೆಯಲ್ಲಿ ನಾನು ಸಿನಿಮಾಗಳ ಬಗ್ಗೆ ಮಾತನಾಡುತ್ತೇನೆಂದು ಕರಪತ್ರದಲ್ಲಿ ಅಚ್ಚಾದಾಗ ಕೆಲವರು ನಕ್ಕರಂತೆ. ವರದಕ್ಷಿಣೆ ಸಾವು, ಗಂಡನ ಮನೆಯ ಹಿಂಸೆ, ಜೀವನಾಂಶ ಇವುಗಳ ಬಗ್ಗೆ ಮಾತನಾಡುವ ವೇದಿಕೆಯ ಮೇಲೆ ಪಿಚ್ಚರ್ ಕಥೆಗೇನು ಕೆಲಸ ಎಂದು ಒಬ್ಬರು ನನ್ನನ್ನೇ ಕೇಳಿದರು. ಕೆಲಸವಿದೆ. ನಮ್ಮ ಸಂಘದ ವಾರದ ಸಭೆಯಲ್ಲಿ "ನಿಮ್ಮ ಮನೆಯಲ್ಲಿ ಹೊಡೆತ ಬಡಿತ ಇದೆಯೇ?" ಎಂದು ಕೇಳಿದರೆ ಇಪ್ಪತ್ತು ಜನರಲ್ಲಿ ಒಬ್ಬಳೂ ಬಾಯಿ ಬಿಡುವುದಿಲ್ಲ. ಅದೇ ಇಪ್ಪತ್ತು ಜನ, ನೋಡಿ ಬಂದ ಸಿನಿಮಾದಲ್ಲಿ ಗಂಡ ಹೆಂಡತಿಗೆ ಹೊಡೆದದ್ದು ಸರಿಯೋ ತಪ್ಪೋ ಎಂದು ಕೇಳಿದರೆ ಮುಕ್ಕಾಲು ಗಂಟೆ ಜಗಳವಾಡುತ್ತಾರೆ. ಆ ಜಗಳದಲ್ಲಿ ಯಾರ ಮನೆಯ ಕಥೆ ಎಲ್ಲಿ ಹೊರಗೆ ಬರುತ್ತದೆಂದು ಹೇಳಲಿಕ್ಕಾಗದು. ಇಪ್ಪತ್ತೈದು ವರ್ಷ ಕಾಲೇಜಿನಲ್ಲಿ ಪಾಠ ಮಾಡಿದವಳು ನಾನು. ನೇರವಾಗಿ ಕೇಳಿದ ಪ್ರಶ್ನೆಗೆ ತಲೆ ತಗ್ಗಿಸಿ ಕೂರುವ ಹುಡುಗಿ ಕಾದಂಬರಿಯ ನಾಯಕಿಯ ಬಗ್ಗೆ ಕೇಳಿದಾಗ ಎದ್ದು ನಿಂತು ಮಾತನಾಡಿದ್ದನ್ನು ಎಷ್ಟೋ ಸಲ ಕಂಡಿದ್ದೇನೆ.

ಇದು ಹೊಸದೇನಲ್ಲ. ನಾನು ಚಿಕ್ಕವಳಿದ್ದಾಗ ನಮ್ಮೂರಿಗೆ ಟೆಂಟು ಸಿನಿಮಾ ಬರುತ್ತಿತ್ತು. ಹೆಂಗಸರಿಗೆ ಒಂದು ಕಡೆ, ಗಂಡಸರಿಗೆ ಒಂದು ಕಡೆ, ನಡುವೆ ತಡಿಕೆಯ ಮರೆ. ಸಂಜೆಯೊಳಗೆ ಅಡುಗೆ ಮುಗಿಸಿ, ಗಂಡಸರಿಗೆ ಬಡಿಸಿ, ಕೈಗೂಸುಗಳನ್ನು ಸೊಂಟಕ್ಕೇರಿಸಿಕೊಂಡು ಕೇರಿಯ ಹೆಂಗಸರೆಲ್ಲ ಒಟ್ಟಾಗಿ ಹೋಗುತ್ತಿದ್ದರು. ಪುಟ್ಟಣ್ಣ ಕಣಗಾಲರ 'ಶರಪಂಜರ' 1971ರಲ್ಲಿ ತೆರೆಗೆ ಬಂದ ಚಿತ್ರ. ನಮ್ಮ ಟೆಂಟಿಗೆ ಬರುವ ಹೊತ್ತಿಗೆ ಅದು ಹಳೆಯದಾಗಿತ್ತು. ತ್ರಿವೇಣಿಯವರ ಕಾದಂಬರಿ, ಕಲ್ಪನಾ ಅವರ ಕಾವೇರಿಯ ಪಾತ್ರ ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಬಾಣಂತನದ ನಂತರ ಮನಸ್ಸಿನ ಕಾಯಿಲೆಗೆ ಗುರಿಯಾದ ಹೆಂಡತಿ ಗುಣವಾಗಿ ಮನೆಗೆ ಬಂದರೂ ಯಾರೂ ಅವಳನ್ನು ಗುಣವಾದವಳೆಂದು ನಂಬುವುದಿಲ್ಲ. ಗಂಡನಿಗೆ ಅಷ್ಟರಲ್ಲಿ ಬೇರೆ ಸಂಬಂಧ. ಆ ಚಿತ್ರ ನೋಡಿ ಬಂದ ಮೇಲೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ತಿಂಗಳಾನುಗಟ್ಟಲೆ ಅದೇ ಮಾತು. "ಪಾಪ, ಹುಚ್ಚಿ" ಎಂದು ಎಲ್ಲರೂ ಮರುಗುತ್ತಿದ್ದಾಗ ನಮ್ಮ ನೆರೆಮನೆಯ ಅಜ್ಜಿಯೊಬ್ಬರು, "ಅವಳಿಗೆಲ್ಲಿ ಹುಚ್ಚು? ಎಲ್ಲರೂ ಸೇರಿ ಹುಚ್ಚು ಅಂದರು, ಅಂದದ್ದಕ್ಕೆ ಹುಚ್ಚಾಯಿತು" ಎಂದರು. ಸ್ವಲ್ಪ ಹೊತ್ತು ಬಟ್ಟೆ ಕುಕ್ಕುವ ಸದ್ದೂ ನಿಂತಿತು. ನಮ್ಮ ಕೇರಿಯಲ್ಲೂ ಆಸ್ಪತ್ರೆಗೆ ಹೋಗಿ ಬಂದ ಸೊಸೆಯೊಬ್ಬಳಿದ್ದಳು. ಆಕೆಯ ಹೆಸರನ್ನು ಯಾರೂ ಎತ್ತಲಿಲ್ಲ, ಎತ್ತುವ ಅಗತ್ಯವೂ ಇರಲಿಲ್ಲ.

ಟೆಂಟು ಹೋಯಿತು, ಟಾಕೀಸು ಬಂತು. ಈಗ ಟಾಕೀಸುಗಳೂ ಒಂದೊಂದಾಗಿ ಮುಚ್ಚುತ್ತಿವೆ. ಬೆಂಗಳೂರಿನ ಗಾಂಧಿನಗರದ ಕಪಾಲಿಯಂಥ ದೊಡ್ಡ ಚಿತ್ರಮಂದಿರವೇ 2017ರಲ್ಲಿ ಮುಚ್ಚಿತು. ಮಾಲುಗಳಲ್ಲಿ ಟಿಕೆಟ್ಟಿನ ದರ ಕೇಳಿದರೆ ವಾರದ ಉಳಿತಾಯವೆಲ್ಲ ಅಲ್ಲೇ ಕರಗುತ್ತದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಟಿಕೆಟ್ಟಿಗೆ ತೆರಿಗೆ ಬಿಟ್ಟು 200 ರೂಪಾಯಿ ಮೀರಬಾರದೆಂದು ನಿಯಮ ಮಾಡಿತು. ಅದೇ ತಿಂಗಳು ಹೈಕೋರ್ಟು ಅದಕ್ಕೆ ತಡೆಯಾಜ್ಞೆ ಕೊಟ್ಟಿತು. ಆದರೆ ಇನ್ನೊಂದು ಬದಲಾವಣೆ ನಮ್ಮ ಪರವಾಗಿ ಆಗಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಹೋಗಿಬರುವ ಬಸ್ ಚಾರ್ಜಿಗೆ ಗಂಡನ ಮುಂದೆ ಕೈಚಾಚುವುದು ತಪ್ಪಿತು. ದುಡ್ಡು ಕೇಳದೆ ಹೋಗಬಹುದು ಎನ್ನುವುದಕ್ಕೂ ಅಪ್ಪಣೆ ಕೇಳದೆ ಹೋಗಬಹುದು ಎನ್ನುವುದಕ್ಕೂ ನಡುವೆ ಎಷ್ಟು ದೂರವಿದೆ ಎಂಬುದು ನಮಗೆ ಆಮೇಲೆ ತಿಳಿಯಿತು. ಅದಕ್ಕೆ ಬರುತ್ತೇನೆ.

ಮೊದಲು ಸಿನಿಮಾಗಳ ಮಾತು. ನಮ್ಮ ಸಂಘದಲ್ಲಿ ಎರಡು ಮೂರು ವರ್ಷಗಳಿಂದ ತಿಂಗಳಿಗೊಮ್ಮೆ ಒಂದು ಚಿತ್ರ ನೋಡಿ ಮಾತನಾಡುವ ಪದ್ಧತಿ ಇಟ್ಟುಕೊಂಡಿದ್ದೇವೆ. ಎಲ್ಲವನ್ನೂ ಟಾಕೀಸಿನಲ್ಲೇ ನೋಡಲು ಆಗುವುದಿಲ್ಲ. ಕೆಲವನ್ನು ಒಬ್ಬ ಸದಸ್ಯೆಯ ಮನೆಯ ಟಿ.ವಿ.ಯಲ್ಲಿ ಅವಳ ಮಗಳು ಹಾಕಿಕೊಡುತ್ತಾಳೆ. ಭಾಷೆ ತಿಳಿಯದಿದ್ದರೆ ಅವಳೇ ನಡುನಡುವೆ ಅರ್ಥ ಹೇಳುತ್ತಾಳೆ. ಹಾಗೆ ನೋಡಿದ ಮೊದಲ ಚಿತ್ರ ಜಿಯೋ ಬೇಬಿ ನಿರ್ದೇಶಿಸಿದ ಮಲಯಾಳಂನ 'ದಿ ಗ್ರೇಟ್ ಇಂಡಿಯನ್ ಕಿಚನ್'. 2021ರ ಜನವರಿಯಲ್ಲಿ ಅದು ಟಾಕೀಸಿಗೆ ಬರದೆ ನೇರವಾಗಿ ಮೊಬೈಲು, ಟಿ.ವಿ.ಗಳಿಗೇ ಬಂತು. ಆ ಚಿತ್ರಕ್ಕೆ ಅರ್ಥ ಹೇಳುವ ಅಗತ್ಯವೇ ಬೀಳಲಿಲ್ಲ. ಮಾತೇ ಕಡಿಮೆ. ಹೊಸ ಸೊಸೆ ತರಕಾರಿ ಹೆಚ್ಚುತ್ತಾಳೆ, ರುಬ್ಬುತ್ತಾಳೆ, ಬಡಿಸುತ್ತಾಳೆ, ಎಂಜಲು ಬಳಿಯುತ್ತಾಳೆ, ಪಾತ್ರೆ ತೊಳೆಯುತ್ತಾಳೆ. ಮರುದಿನ ಮತ್ತೆ ಅದೇ. ಮಾವನವರಿಗೆ ಹಲ್ಲುಜ್ಜುವ ಬ್ರಷ್ಷನ್ನೂ ಕೈಗೇ ತಂದುಕೊಡಬೇಕು. ಚಟ್ನಿ ಮಿಕ್ಸಿಯಲ್ಲಿ ಮಾಡಬಾರದು, ಅನ್ನ ಸೌದೆ ಒಲೆಯಲ್ಲೇ ಆಗಬೇಕು. ಇದನ್ನೆಲ್ಲ ಅವರು ಗದರಿಸಿ ಹೇಳುವುದಿಲ್ಲ, ಬಹಳ ಮೆತ್ತಗೆ ಹೇಳುತ್ತಾರೆ. ಸಿಂಕಿನ ಪೈಪು ಸೋರುತ್ತಿರುತ್ತದೆ. ರಿಪೇರಿಯವನನ್ನು ಕರೆಸು ಎಂದು ಆಕೆ ಹೇಳಿದ್ದು ಗಂಡನ ಕಿವಿಗೆ ಬೀಳುವುದೇ ಇಲ್ಲ.

ಆ ಮನೆಯಲ್ಲಿ ಯಾರೂ ಅವಳಿಗೆ ಹೊಡೆಯುತ್ತ ಕೂರುವುದಿಲ್ಲ. "ಇದರಲ್ಲಿ ಹಿಂಸೆ ಎಲ್ಲಿದೆ? ನಾವೆಲ್ಲ ಮಾಡುವ ಕೆಲಸವೇ ತಾನೆ?" ಎಂದು ಸಂಘದ ಹಿರಿಯ ಸದಸ್ಯೆ ಕೇಳಿದರು. ಅವರ ಪಕ್ಕದಲ್ಲಿ ಕೂತಿದ್ದಾಕೆ, ಎರಡು ವರ್ಷದಿಂದ ಉಳಿತಾಯದ ಹಣ ಕಟ್ಟಿ ಸಹಿ ಹಾಕಿ ಹೋಗುವುದು ಬಿಟ್ಟರೆ ಒಂದು ಮಾತೂ ಆಡದವಳು, "ನಮ್ಮನೆ ಬಚ್ಚಲ ಪೈಪೂ ಹಂಗೇ ಸೋರ್ತದೆ ಕಣಕ್ಕ, ಆರು ವರ್ಷ ಆಯ್ತು" ಎಂದಳು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಮುಂದಿನ ವಾರ ಅವಳು ಇನ್ನೊಂದು ಮಾತು ಹೇಳಿದಳು, ಅದರ ಮುಂದಿನ ವಾರ ಮತ್ತೊಂದು. ಸಿನಿಮಾ ಹಾಕದೆ ನಾನು ಕಾನೂನಿನ ಪುಸ್ತಕ ಓದಿದ್ದರೆ ಆ ಪೈಪಿನ ವಿಷಯ ನಮಗೆ ಗೊತ್ತಾಗುತ್ತಲೇ ಇರಲಿಲ್ಲ.

ಹೆಚ್ಚು ಜಗಳವಾದದ್ದು 2020ರ ಹಿಂದಿ ಚಿತ್ರ 'ಥಪ್ಪಡ್' ಬಗ್ಗೆ. ಅನುಭವ್ ಸಿನ್ಹಾ ನಿರ್ದೇಶನ, ತಾಪ್ಸಿ ಪನ್ನು ನಾಯಕಿ. ಗಂಡ ಮನೆಯ ಪಾರ್ಟಿಯಲ್ಲಿ, ಆಫೀಸಿನ ಮೇಲಿನ ಸಿಟ್ಟನ್ನು ತಡೆಯಲು ಬಂದ ಹೆಂಡತಿಯ ಕೆನ್ನೆಯ ಮೇಲೆ ತೀರಿಸಿಕೊಳ್ಳುತ್ತಾನೆ. ಒಂದೇ ಏಟು. ಅಷ್ಟಕ್ಕೇ ಆಕೆ ವಿಚ್ಛೇದನ ಕೇಳುತ್ತಾಳೆ. ಬಸುರಿಯೆಂದು ತಿಳಿದ ಮೇಲೂ ನಿರ್ಧಾರ ಬದಲಿಸುವುದಿಲ್ಲ. ನಮ್ಮ ಸದಸ್ಯೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆಕೆಯದು ಅತಿಯಾಯಿತು ಎಂದರು. "ಒಂದು ಏಟಿಗೆ ಮನೆ ಬಿಡುವುದಾದರೆ ನಾನು ಇಷ್ಟು ಹೊತ್ತಿಗೆ ನೂರು ಮನೆ ಬಿಡಬೇಕಿತ್ತು" ಎಂದು ಒಬ್ಬರು ಹೇಳಿದಾಗ ಮತ್ತೆ ನಗು. ನಾನು ನಗಲಿಲ್ಲ. ಆ ಮಾತು ತಮಾಷೆಯಲ್ಲ ಎಂಬುದು ಹೇಳಿದಾಕೆಗೂ ಗೊತ್ತಿತ್ತು. ಆ ಚಿತ್ರದಲ್ಲಿ ಮನೆಗೆಲಸದ ಸುನೀತಾ ಎಂಬ ಹೆಣ್ಣಿದ್ದಾಳೆ. ಅವಳಿಗೆ ದಿನವೂ ಗಂಡನ ಏಟು. ದೊಡ್ಡ ಮನೆಯ ಅಮ್ಮನಿಗೆ ವಕೀಲರಿದ್ದಾರೆ, ಬೆನ್ನಿಗೆ ನಿಲ್ಲುವ ಅಪ್ಪ ಇದ್ದಾನೆ. ಇವಳಿಗೆ ಯಾರಿದ್ದಾರೆ ಎಂದು ಕೇಳಿದವರು ನಮ್ಮ ಸಂಘದವರೇ. ಅದು ಒಪ್ಪಬೇಕಾದ ಮಾತು. ತೌರಿನ ಬಾಗಿಲು ತೆರೆದಿದ್ದರೆ ಮಾತ್ರ ಒಂದು ಏಟಿಗೆ ಹೊರಡಬಹುದು. ಎರಡು ಎಕರೆ ಮಾರಿ ಮದುವೆ ಮಾಡಿದ ಅಪ್ಪ, "ಹೊಂದಿಕೊಂಡು ಹೋಗು ಮಗಳೇ" ಎನ್ನುವ ಕಡೆ ಅದು ಸುಲಭವಲ್ಲ.

ವರದಕ್ಷಿಣೆಯ ಮಾತು ಬಂದದ್ದರಿಂದ ಒಂದು ವಿಷಯ ಹೇಳಿಬಿಡುತ್ತೇನೆ. ನಮ್ಮ ಬಹುಪಾಲು ಸಿನಿಮಾಗಳು ತಾಳಿ ಕಟ್ಟುವುದರಲ್ಲಿ ಮುಗಿಯುತ್ತವೆ. ತಾಳಿಯ ಹಿಂದೆ ಎಷ್ಟು ಬಂಗಾರ ಹೋಯಿತು, ಯಾವ ಬೈಕು ಹೋಯಿತು ಎಂಬ ಲೆಕ್ಕ ತೆರೆಯ ಮೇಲೆ ಬರುವುದಿಲ್ಲ. ಬಂದರೂ ಮೀಸೆ ತಿರುವುವ ಖಳನಾಯಕ ಮಂಟಪದಲ್ಲಿ ಕೇಳುತ್ತಾನೆ, ನಾಯಕ ಬಂದು ಅವನಿಗೆ ಬಾರಿಸುತ್ತಾನೆ, ನಾವು ಚಪ್ಪಾಳೆ ತಟ್ಟುತ್ತೇವೆ. ನಮ್ಮ ಊರುಗಳಲ್ಲಿ ಕೇಳುವವರು ಖಳನಾಯಕರಲ್ಲ. ಕಾಫಿ ಕುಡಿಯುತ್ತಾ, "ನಮಗೇನೂ ಬೇಡಪ್ಪ, ನಿಮ್ಮ ಮಗಳಿಗೆ ನೀವು ಏನು ಹಾಕುತ್ತೀರೋ ಹಾಕಿ" ಎನ್ನುವ ಒಳ್ಳೆಯ ಜನ. 1961ರಿಂದ ಕಾನೂನಿದೆ. ಆ ಕಾಫಿಯ ದೃಶ್ಯವನ್ನು ಇದ್ದಂತೆಯೇ ತೋರಿಸುವ ಧೈರ್ಯ ನಮ್ಮ ನಿರ್ದೇಶಕರಿಗೆ ಅಪರೂಪ.

ಹೊಡೆತವನ್ನು ಪ್ರೀತಿಯೆಂದು ತೋರಿಸುವ ಧೈರ್ಯ ಮಾತ್ರ ಧಾರಾಳವಾಗಿದೆ. 2019ರ 'ಕಬೀರ್ ಸಿಂಗ್'ನಲ್ಲಿ ನಾಯಕ ತಾನು ಪ್ರೀತಿಸಿದ ಹುಡುಗಿಯ ಕೆನ್ನೆಗೆ ಹೊಡೆಯುತ್ತಾನೆ. ಚಿತ್ರ ಭರ್ಜರಿಯಾಗಿ ಓಡಿತು. ಅದರ ನಿರ್ದೇಶಕರು ಸಂದರ್ಶನದಲ್ಲಿ, ಒಬ್ಬರಿಗೊಬ್ಬರು ಹೊಡೆಯುವ ಸ್ವಾತಂತ್ರ್ಯವಿಲ್ಲದಿದ್ದರೆ ಅಲ್ಲಿ ಭಾವನೆಯೇ ಇಲ್ಲ ಎಂಬರ್ಥದ ಮಾತಾಡಿದರು. ಹಿಂದಿಯವರನ್ನಷ್ಟೇ ಏಕೆ ದೂರಬೇಕು? 1989ರ ನಮ್ಮ 'ನಂಜುಂಡಿ ಕಲ್ಯಾಣ'ವನ್ನು ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕು ನೋಡಿದ್ದೇವೆ. ಮಾಲಾಶ್ರೀಯ ಚುರುಕುತನ ನನಗೆ ಈಗಲೂ ಇಷ್ಟ. ಆದರೆ ಕಥೆ ಏನು? ಜೋರು ಬಾಯಿಯ ಹುಡುಗಿಯನ್ನು ಗಂಡ ಪಳಗಿಸುತ್ತಾನೆ. ಹಸುವನ್ನು ಪಳಗಿಸುವ ಹಾಗೆ. ತೆರೆಯ ಮೇಲೆ ಯಾರಾದರೂ ಬೀಡಿ ಹಚ್ಚಿದರೆ ಕೆಳಗೆ ಎಚ್ಚರಿಕೆಯ ಬರಹ ಬರುತ್ತದೆ. ಹೆಂಡತಿಯ ಕೆನ್ನೆಗೆ ಬಾರಿಸಿದರೆ ಯಾವ ಬರಹವೂ ಬರುವುದಿಲ್ಲ, ಹಿನ್ನೆಲೆಯಲ್ಲಿ ಪಿಟೀಲು ಬರುತ್ತದೆ.

ತೆರೆಯ ಆಚೆಯೂ ಇದೇ. 2011ರ ಸೆಪ್ಟೆಂಬರಿನಲ್ಲಿ ಕನ್ನಡದ ಒಬ್ಬ ದೊಡ್ಡ ನಟನನ್ನು ಹೆಂಡತಿಯ ಮೇಲಿನ ಹಲ್ಲೆಯ ದೂರಿನ ಮೇಲೆ ಬಂಧಿಸಿದ್ದು ನಿಮಗೆ ನೆನಪಿರಬೇಕು. ಆಮೇಲೆ ಆಕೆ ತಮ್ಮ ಹೇಳಿಕೆ ಬದಲಿಸಿದರು. ನಟ ಜೈಲಿನಲ್ಲಿದ್ದಾಗಲೇ ಬಿಡುಗಡೆಯಾದ ಚಿತ್ರ ಜಯಭೇರಿ ಹೊಡೆಯಿತು. ನಿರ್ಮಾಪಕರ ಸಂಘ ಆಗ ಯಾರ ಮೇಲೆ ಕ್ರಮ ಕೈಗೊಂಡಿತು ಗೊತ್ತೇ? ಆ ಸಂಸಾರದ ಜಗಳಕ್ಕೆ ಕಾರಣಳೆಂದು ಇನ್ನೊಬ್ಬ ನಟಿಯ ಮೇಲೆ ಮೂರು ವರ್ಷದ ನಿಷೇಧ ಹಾಕಿತು! ಎಲ್ಲೆಡೆಯಿಂದ ಛೀಮಾರಿ ಬಿದ್ದ ಮೇಲೆ ಹಿಂತೆಗೆದುಕೊಂಡಿತು. ಏಟು ತಿಂದವಳೂ ಹೆಣ್ಣು, ಶಿಕ್ಷೆ ಹಾಕಿಸಿಕೊಂಡವಳೂ ಹೆಣ್ಣು. ನಮ್ಮೂರಿನ ಪಂಚಾಯಿತಿ ಕಟ್ಟೆಯ ನ್ಯಾಯಕ್ಕೂ ಇದಕ್ಕೂ ಏನು ವ್ಯತ್ಯಾಸವಿದೆ?

ಈಗ ನಮ್ಮ ಸಂಘದ ವಿಷಯಕ್ಕೆ ಬರುತ್ತೇನೆ. ಆ ಸದಸ್ಯೆಯ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ, ಹೆಸರು ಹೇಳುವುದಿಲ್ಲ. 2025ರ ಜುಲೈ ಕೊನೆಯಲ್ಲಿ 'ಸು ಫ್ರಮ್ ಸೋ' ಬಿಡುಗಡೆಯಾಯಿತು. ಊರೆಲ್ಲ ಅದೇ ಮಾತು. ಹನ್ನೊಂದು ಜನ ಬಸ್ಸು ಹತ್ತಿ ಪೇಟೆಯ ಟಾಕೀಸಿಗೆ ಹೋದೆವು. ಕರಾವಳಿಯ ಒಂದು ಹಳ್ಳಿ. ಒಬ್ಬ ಹುಡುಗ ಸಿಕ್ಕಿಬೀಳುವ ಸಂದರ್ಭ ಬಂದಾಗ ತಪ್ಪಿಸಿಕೊಳ್ಳಲು ದೆವ್ವ ಹಿಡಿದವನಂತೆ ನಟಿಸುತ್ತಾನೆ. ಸೋಮೇಶ್ವರದ ಸುಲೋಚನ ಎಂಬ ಹೆಂಗಸಿನ ದೆವ್ವವೆಂದು ಊರೇ ನಂಬುತ್ತದೆ. ಮಂಗಳೂರು ಕಡೆಯ ಕನ್ನಡ ನಮ್ಮವರಿಗೆ ಅರ್ಧ ತಿಳಿಯಲಿಲ್ಲ, ಆದರೂ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆಮೇಲೆ ಆ ಸುಲೋಚನಳ ಮಗಳು ಕಥೆಯೊಳಗೆ ಬರುತ್ತಾಳೆ, ನಗು ತಗ್ಗುತ್ತದೆ. ಸತ್ತ ಹೆಂಗಸಿನ ದೆವ್ವಕ್ಕೆ ಹೆದರಿ ಕೈಮುಗಿಯುವ ಊರು ಬದುಕಿರುವ ಹೆಂಗಸಿನ ಕಷ್ಟವನ್ನು ಎಷ್ಟು ಕೇಳಿಸಿಕೊಳ್ಳುತ್ತದೆ ಎಂಬ ಪ್ರಶ್ನೆ ನನ್ನ ಮನಸ್ಸಿನಲ್ಲಿ ಉಳಿಯಿತು. ಹುಡುಗನ ಆ ಮೊದಲ ತಪ್ಪನ್ನು ಚಿತ್ರ ಸ್ವಲ್ಪ ಸಲೀಸಾಗಿ ನಗೆಯಲ್ಲಿ ತೇಲಿಸಿಬಿಟ್ಟಿತೆಂಬ ಆಕ್ಷೇಪವೂ ನನಗಿದೆ.

ಮಳೆ, ಬಸ್ಸು ತಡ. ಊರು ಸೇರಿದಾಗ ರಾತ್ರಿ ಒಂಬತ್ತು ದಾಟಿತ್ತು. ಮರುವಾರದ ಸಭೆಗೆ ಆ ಸದಸ್ಯೆ ಸೆರಗು ಹೊದ್ದು ಬಂದಳು. ಮೊಣಕೈವರೆಗೆ ಕಂದಿದ ಬಾಸುಂಡೆ. "ಕೇಳದೆ ಹೋದೆಯಲ್ಲ" ಎಂದು ಗಂಡ ಹೊಡೆದಿದ್ದ. ಕೇಳದೆ ಹೋಗಿರಲಿಲ್ಲ, ಅತ್ತೆಗೆ ಹೇಳಿ ಹೋಗಿದ್ದಳು. ಹೇಳಿದ್ದು ಬೇರೆ, ಕೇಳಿದ್ದು ಬೇರೆ ಎಂಬುದು ಅವನ ವಾದ. ನನಗೆ ಹೆಚ್ಚು ನೋವಾದದ್ದು ಅವನ ವಾದದಿಂದಲ್ಲ. ನಮ್ಮ ಸಭೆಯಲ್ಲೇ ಮೂರು ನಾಲ್ಕು ಜನ, "ಅವನಿಗೂ ಒಂದು ಮಾತು ಹೇಳಬೇಕಿತ್ತು, ಗಂಡಸಿಗೆ ಸಿಟ್ಟು ಬರದೆ ಇರುತ್ತದೆಯೇ" ಎಂದರು.

2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹೆಂಗಸರಿಗೆ ಒಂದು ಪ್ರಶ್ನೆ ಹಾಕಿದ್ದರು. ಗಂಡ ಹೆಂಡತಿಗೆ ಹೊಡೆಯುವುದು ಯಾವಾಗ ಸರಿ? ಏಳು ಕಾರಣಗಳನ್ನು ಮುಂದಿಟ್ಟಿದ್ದರು: ಹೇಳದೆ ಹೊರಗೆ ಹೋದರೆ, ಮನೆ ಮಕ್ಕಳನ್ನು ಕಡೆಗಣಿಸಿದರೆ, ಎದುರು ಮಾತಾಡಿದರೆ, ಹಾಸಿಗೆಗೆ ಒಲ್ಲೆನೆಂದರೆ, ಅಡುಗೆ ಕೆಟ್ಟರೆ, ಶೀಲದ ಮೇಲೆ ಅನುಮಾನ ಬಂದರೆ, ಅತ್ತೆ ಮಾವನಿಗೆ ಮರ್ಯಾದೆ ಕೊಡದಿದ್ದರೆ. ಕರ್ನಾಟಕದಲ್ಲಿ 100ಕ್ಕೆ ಸುಮಾರು 77 ಹೆಂಗಸರು ಇವುಗಳಲ್ಲಿ ಒಂದಲ್ಲ ಒಂದು ಕಾರಣಕ್ಕೆ ಹೊಡೆಯುವುದು ಸರಿ ಎಂದರು. ಗಂಡಸರಲ್ಲಿ ಹಾಗೆಂದವರು 100ಕ್ಕೆ ಸುಮಾರು 82. ಅದೇ ಸಮೀಕ್ಷೆಯ ಪ್ರಕಾರ ಮದುವೆಯಾದ ಹೆಂಗಸರಲ್ಲಿ 100ಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದರು. ಪಟ್ಟಿಯ ಮೊದಲ ಕಾರಣವನ್ನೇ ನಮ್ಮವರು ಅಂದು ಸಭೆಯಲ್ಲಿ ಬಾಯಿಬಿಟ್ಟು ಹೇಳಿದ್ದು.

ಎರಡು ಗಂಟೆ ಚರ್ಚೆಯಾಯಿತು. ಕೊನೆಗೆ ನಾನು 'ಥಪ್ಪಡ್' ನೆನಪಿಸಿದೆ. ಅಲ್ಲಿಯೂ ಎಲ್ಲರೂ ಗಂಡನಿಗೆ ಏಕೆ ಸಿಟ್ಟು ಬಂತು ಎಂದೇ ಹೇಳುತ್ತಾರೆ, ಅವಳ ಕೆನ್ನೆಯ ಮಾತನ್ನು ಯಾರೂ ಎತ್ತುವುದಿಲ್ಲ, ಈಗ ನಾವೂ ಅದನ್ನೇ ಮಾಡುತ್ತಿದ್ದೇವಲ್ಲವೇ ಎಂದು ಕೇಳಿದೆ. ನೂರು ಮನೆಯ ಮಾತಾಡಿದ್ದ ಹಿರಿಯಾಕೆಯೇ ಎದ್ದು, "ನಡೀರಿ, ಅವಳ ಮನೆಗೆ ಹೋಗೋಣ" ಎಂದರು. ಏಳು ಜನ ಹೋದೆವು. ಕೂಗಾಡಲಿಲ್ಲ. ಕೌಟುಂಬಿಕ ದೌರ್ಜನ್ಯದ ವಿರುದ್ಧ ರಕ್ಷಣೆ ಕೊಡುವ 2005ರ ಕಾಯಿದೆ 2006ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಅದರ ಪ್ರಕಾರ ನೆರೆಹೊರೆಯವರೂ ಸಂಘದವರೂ ಸಂರಕ್ಷಣಾಧಿಕಾರಿಗೆ ಮಾಹಿತಿ ಕೊಡಬಹುದು. ಹೆಂಡತಿಯನ್ನು ಮನೆಯಿಂದ ಹೊರಗೆ ಹಾಕುವಂತಿಲ್ಲ. ಇಷ್ಟನ್ನು ಅವನಿಗೂ ಅವನ ತಾಯಿಗೂ ತಿಳಿಸಿದೆವು. ನಮಗೆಲ್ಲ ಬಾಯಿಪಾಠವಾಗಿದ್ದ 498ಎ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೆಯ ಕಲಮುಗಳಲ್ಲಿದೆ, ನಂಬರು ಬದಲಾಗಿದೆಯೇ ಹೊರತು ಅಪರಾಧ ಅಪರಾಧವೇ ಎಂದೂ ಹೇಳಿದೆವು. ದೂರು ಕೊಡುವುದು ಬೇಡ, ನೋಡೋಣ ಎಂದು ಆಕೆ ಹೇಳಿದಳು. ಅದು ಅವಳ ನಿರ್ಧಾರ, ಒತ್ತಾಯ ಮಾಡಲಿಲ್ಲ. ಮಹಿಳಾ ಸಹಾಯವಾಣಿ 181ನ್ನು ಅವಳ ಮಗಳ ಕೈಲಿ ಮೊಬೈಲಿನಲ್ಲಿ ಬರೆಸಿ ಬಂದೆವು. ನಡಾವಳಿ ಪುಸ್ತಕದಲ್ಲಿ ದಿನಾಂಕ ಹಾಕಿ, ಕಂಡದ್ದನ್ನು ಕಂಡ ಹಾಗೆ ಬರೆದು ಏಳು ಜನವೂ ಸಹಿ ಮಾಡಿದೆವು. ಮುಂದೆ ಬೇಕಾದರೆ ಅದು ಸಾಕ್ಷಿಯಾಗುತ್ತದೆ. ನಿಮ್ಮ ಸಂಘಗಳಲ್ಲಿಯೂ ಹೀಗೆ ಬರೆದಿಡಿ.

ಇನ್ನು ಸಿನಿಮಾಕ್ಕೆ ಹೋಗುವುದೇ ಬೇಡ, ಸುಮ್ಮನೆ ತೊಂದರೆ ಎಂದು ಕೆಲವರು ಹೇಳಿದರು. ನಾನು ಬಲವಾಗಿ ವಿರೋಧಿಸಿದೆ. ಸಿನಿಮಾ ಬಿಟ್ಟರೆ ನಾಳೆ ತೌರಿಗೆ ಹೋದದ್ದು ಕಾರಣವಾಗುತ್ತದೆ, ನಾಡಿದ್ದು ಸಂಘಕ್ಕೆ ಬಂದದ್ದು. ಆದರೆ ಕ್ರಮ ಬದಲಿಸಿಕೊಂಡೆವು. ಮ್ಯಾಟಿನಿ ಆಟಕ್ಕೇ ಹೋಗುವುದು. ಬರುವಾಗ ಯಾರೂ ಒಬ್ಬರೇ ಮನೆಗೆ ಹೋಗದೆ ಜೊತೆಯವರು ಬಾಗಿಲವರೆಗೆ ಹೋಗಿ ಬರುವುದು. ಮರುದಿನ ಬೆಳಿಗ್ಗೆ ಒಬ್ಬರು ಹೋಗಿ ಮಾತನಾಡಿಸಿ ಬರುವುದು. ಯಾವ ಸಿನಿಮಾ ಎಂಬುದನ್ನು ಮನೆಯ ಗಂಡುಮಕ್ಕಳು ಹೇಳಿದಂತೆ ಅಲ್ಲ, ಸಭೆಯಲ್ಲಿ ಕೈ ಎತ್ತಿ ತೀರ್ಮಾನಿಸುವುದು. ಒಬ್ಬ ಸದಸ್ಯೆ ಆಗ ಒಂದು ಸೂಕ್ಷ್ಮ ಮಾತು ಹೇಳಿದಳು: "ನಮ್ಮನೆಯವರೂ ಸಿನಿಮಾಕ್ಕೆ ಕರ್ಕೊಂಡು ಹೋಗ್ತಾರೆ ಟೀಚರಮ್ಮ, ಹೊಡೆದ ವಾರ ಮಾತ್ರ." 2022ರ ಮಲಯಾಳಂ ಚಿತ್ರ 'ಜಯ ಜಯ ಜಯ ಜಯ ಹೇ'ಯನ್ನು ಅವಳಿಗಾಗಿಯೇ ಮುಂದಿನ ತಿಂಗಳು ಹಾಕಿದೆವು. ಅದರಲ್ಲಿ ಗಂಡ ಹೊಡೆಯುತ್ತಾನೆ, ಕ್ಷಮೆ ಕೇಳುತ್ತಾನೆ, ಮತ್ತೆ ಹೊಡೆಯುತ್ತಾನೆ. ಹೆಂಡತಿ ಮೊಬೈಲಿನಲ್ಲಿ ನೋಡಿ ಗುಟ್ಟಾಗಿ ಕರಾಟೆ ಕಲಿತು ತಿರುಗಿ ಒದೆಯುತ್ತಾಳೆ. ಶಿಳ್ಳೆ ಹಾಕಿದರು ನಮ್ಮವರು! ತಿರುಗಿ ಒದೆಯುವುದು ದಾರಿಯೆಂದು ನಾನು ಹೇಳುವುದಿಲ್ಲ. ತೆರೆಯ ಮೇಲೆ ಅದು ತಮಾಷೆ, ನಿಜದಲ್ಲಿ ಹೆಣ್ಣಿನ ಪ್ರಾಣಕ್ಕೇ ಅಪಾಯ. ಆದರೂ ಶಿಳ್ಳೆಯನ್ನು ತಡೆಯುವ ಮನಸ್ಸು ಬರಲಿಲ್ಲ.

ಏಟು ತಿಂದ ಸದಸ್ಯೆ ಅದಾದ ಮೇಲೆ ಟಾಕೀಸಿಗೆ ಬಂದಿಲ್ಲ. ಟಿ.ವಿ.ಯಲ್ಲಿ ಹಾಕುವ ದಿನ ಬಂದು ಕೊನೆಯಲ್ಲಿ ಕೂರುತ್ತಾಳೆ. ಅಕ್ಟೋಬರಿನಲ್ಲಿ ನಾವು ಪೇಟೆಗೆ ಹೋದಾಗ ಅವಳ ಬದಲು ಅವಳ ಮಗಳು ಬಂದಳು, ಪಿ.ಯು.ಸಿ. ಓದುವ ಹುಡುಗಿ. ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದಳು. "ಅಪ್ಪನಿಗೆ ಹೇಳಿದೆಯಾ?" ಎಂದು ನಾನು ಕೇಳಲಿಲ್ಲ. ಅವಳೇ, "ಅಮ್ಮ ಹೋಗಿ ಬಾ ಅಂದ್ಳು, ಬಂದು ಕಥೆ ಹೇಳು ಅಂದಿದ್ದಾಳೆ" ಎಂದಳು.

ಮುಂದಿನ ತಿಂಗಳ ಚಿತ್ರವನ್ನು ನಾವಿನ್ನೂ ಆರಿಸಿಲ್ಲ. 2004ರ ಗಿರೀಶ್ ಕಾಸರವಳ್ಳಿಯವರ 'ಹಸೀನಾ' ಸಿಕ್ಕರೆ ಹಾಕಬೇಕೆಂದು ನನ್ನ ಆಸೆ. ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆಯನ್ನು ಆಧರಿಸಿದ್ದು, ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ತಂದದ್ದು. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಬಿಟ್ಟುಹೋದ ಹೆಂಗಸು ನ್ಯಾಯ ಕೇಳಲು ಮಸೀದಿಯ ಮುಂದೆ ಕೂರುವ ಕಥೆ. ಹೊಸ ಚಿತ್ರವೇ ಬೇಕೆಂದು ಚಿಕ್ಕ ವಯಸ್ಸಿನವರ ಹಟ. ನಿಮ್ಮ ನಿಮ್ಮ ಸಂಘದವರು ಈಚೆಗೆ ಯಾವುದನ್ನು ನೋಡಿದಿರಿ, ಯಾವುದರ ಬಗ್ಗೆ ಜಗಳವಾಡಿದಿರಿ ಎಂಬುದನ್ನು ಈಗ ನೀವು ಹೇಳಬೇಕು. ಹಿಂದಿನ ಸಾಲಿನಿಂದಲೇ ಶುರುಮಾಡೋಣ.